ಚಿಲುಮೆ ಸುಂಕಪ್ಪನ ಮೂರು ಕಡ್ಡಿ

ಬಹಳ ಹಿಂದೆ, ನೆಲಕ್ಕೆ ಕೊಳವೆ ಚುಚ್ಚಿ ನೀರು ಹೀರುವ ವಿದ್ಯೆ ಇನ್ನೂ ಯಾರಿಗೂ ಬಾರದ ಕಾಲಕ್ಕೆ, ಕರೇ ಮಣ್ಣಿನ ಸೀಮೆಯಲ್ಲಿ ಕಗ್ಗಲ್ಲಹಟ್ಟಿ ಅಂತ ಒಂದೂರು. ಆ ಊರಲ್ಲಿ ಮನೆಗಿಂತ ಬಾವಿ ಹೆಚ್ಚು, ಬಾವಿಗಿಂತ ಮಾತು ಹೆಚ್ಚು. ಆ ಊರಿನ ಭೋವಿಗಳ ಓಣಿಯಲ್ಲಿ ಸುಂಕಪ್ಪ ಅಂತ ಒಬ್ಬನಿದ್ದ. ಬಾವಿಗಿಳಿದು ಹೂಳು ತೆಗೆಯೋದು ಅವನ ಕಸುಬು. ಚಿಲುಮೆ ಸೇದೋದು ಅವನ ಚಟ. ಯಾವುದು ಕಸುಬು, ಯಾವುದು ಚಟ ಅನ್ನೋದು ಊರಿಗೆ ಬಹಳ ವರ್ಷ ಗೊತ್ತಾಗಲೇ ಇಲ್ಲ ಅಂತಾರೆ.

ಈಗಿನ ಬೆಂಕಿಕಡ್ಡಿಗೆ ಸೊಕ್ಕು ಜಾಸ್ತಿ. ತನ್ನ ಪೆಟ್ಟಿಗೆಯ ಮಗ್ಗುಲಿಗೇ ಗೀರಬೇಕು, ಬೇರೆಲ್ಲಿ ಗೀರಿದರೂ ಮುಖ ತಿರುವುತ್ತದೆ, ಅತ್ತೆ ಮನೆ ಊಟ ಮುಟ್ಟದ ಹೊಸ ಅಳಿಯನ ಹಾಗೆ. ಆಗಿನ ಕಡ್ಡಿ ಹಾಗಲ್ಲ. ಕಲ್ಲಿಗೆ ಗೀರು, ಗೋಡೆಗೆ ಗೀರು, ಬಂಡಿಯ ಗಾಲಿಗೆ ಗೀರು, ಎಲ್ಲಿ ಗೀರಿದರೂ ಬುಸ್ ಅಂತ ಹತ್ತುತ್ತಿತ್ತು. ಅದಕ್ಕೆ ಗೀರುಗಡ್ಡಿ ಅಂತಿದ್ದರು. ಸುಂಕಪ್ಪ ಅದನ್ನ ತನ್ನ ಒಡೆದ ಹಿಮ್ಮಡಿಗೇ ಗೀರುತ್ತಿದ್ದನಂತೆ. ಎತ್ತಿನ ಕೊಂಬಿಗೆ ಗೀರುತ್ತಿದ್ದನಂತೆ, ಎತ್ತು ಮೆಲುಕು ನಿಲ್ಲಿಸುತ್ತಿರಲಿಲ್ಲವಂತೆ. ಒಮ್ಮೆ ಸಂತೆಯಲ್ಲಿ ಜಗಳಕ್ಕೆ ನಿಂತ ಮೆಣಸಿನಕಾಯಿ ವ್ಯಾಪಾರಿಯ ಗಡ್ಡಕ್ಕೇ ಗೀರಿ ಚಿಲುಮೆ ಹತ್ತಿಸಿಕೊಂಡ ಅಂತಾರೆ. ಎರಡು ದಿನ ಕತ್ತಿ ಕಾಣದ ಗಡ್ಡ ಅದು. ನಂಬೋದು ಬಿಡೋದು ನಿಮಗೆ ಬಿಟ್ಟದ್ದು.

ಗೀರುಗಡ್ಡಿಗೂ ಮುಂಚೆ ಚಕಮಕಿ ಕಲ್ಲಿತ್ತು. ಒಂದು ಕೈಲಿ ಕಲ್ಲು, ಒಂದು ಕೈಲಿ ಉಕ್ಕಿನ ತುಂಡು, ನಡುವೆ ಅರಳೆ. ಅದಕ್ಕೆ ಎರಡು ಕೈ ಬೇಕು. ಬಾವಿಗಿಳಿಯೋನಿಗೆ ಎರಡು ಕೈ ಎಲ್ಲಿಂದ ಬರಬೇಕು? ಬಾವಿಯ ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ಮೆಟ್ಟಿಲು. ಹಿಡಿತ ತಪ್ಪಿದರೆ ಸೀದಾ ಗಂಗವ್ವನ ಮಡಿಲು. ಗೀರುಗಡ್ಡಿ ಬಂದದ್ದೇ ಬಂದದ್ದು, ಸುಂಕಪ್ಪನಿಗೆ ಮೂರನೇ ಕೈ ಬಂದ ಹಾಗಾಯಿತು. ಬಿದಿರ ಕೊಳವೆಯ ಚಿಲುಮೆ ಹಲ್ಲಲ್ಲಿ ಕಚ್ಚಿಕೊಂಡಿರುತ್ತಿದ್ದ. ಒಂದು ಕೈಲಿ ಮೆಟ್ಟಿಲುಗಲ್ಲು ಹಿಡಿದು, ಇನ್ನೊಂದು ಕೈಲಿ ಕಿವಿಸಂದಿನ ಕಡ್ಡಿ ತೆಗೆದು, ಬಾವಿಯ ಗೋಡೆಗೆ ಗೀರುತ್ತಿದ್ದ. ನಾಲ್ಕು ಮೆಟ್ಟಿಲು ಇಳಿದ, ಗೀರಿದ. ಮತ್ತೆ ನಾಲ್ಕು ಇಳಿದ, ಮತ್ತೆ ಗೀರಿದ. ಮೇಲೆ ಬಗ್ಗಿ ನೋಡುತ್ತಿದ್ದವರು, ಇವನು ಬಾವಿಗಿಳೀತಾನೋ ಚಿಲುಮೆಯೊಳಗಿಳೀತಾನೋ ಅಂತ ನಗುತ್ತಿದ್ದರು.

ಕೆಲವು ದಿನ ಚಿಲುಮೆ ಹತ್ತುತ್ತಿರಲಿಲ್ಲ. ಆಗ ಸುಂಕಪ್ಪ ಬಂದ ದಾರಿಯಲ್ಲೇ ಮೇಲೆ ಹತ್ತಿ, ತಲೆ ಕೆರೆದು, ಇವತ್ತು ಚಿಲುಮಿ ಹತ್ತವಲ್ದು, ನಾಳೆ ಬರ್ತೀನಿ ಅಂತ ಹೇಳಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಬಾವಿ ಮನೆಯವರು ಬಯ್ಯುತ್ತಿದ್ದರು. ಅವನು ಒಂದು ಕೊಡ ನೀರನ್ನ ಬಾವಿಗೇ ಸುರಿಯುತ್ತಿದ್ದ, ಬೇವಿನ ಟೊಂಗೆಗೆ ಹಗ್ಗ ಕಟ್ಟಿ ಬಾವಿಯೊಳಗೆ ಆಡಿಸುತ್ತ ಕೂರುತ್ತಿದ್ದ. ಸೋಮಾರಿ ಸುಂಕ ಅಂದರು. ಹೊಗೆಬಾಯಿ ಸುಂಕ ಅಂದರು. ಅವನು ಎಲ್ಲ ಹೆಸರಿಗೂ ಓಗೊಟ್ಟ.

ಆದರೆ ಅವನು ನೋಡುತ್ತಿದ್ದದ್ದು ಚಿಲುಮೆಯನ್ನಲ್ಲ, ಕಡ್ಡಿಯನ್ನ. ಬಹಳ ದಿನ ನೀರು ಸೇದದೆ ಎಲೆ ಕೊಳೆತ ಬಾವಿಯ ತಳದಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಅದು ಕಣ್ಣಿಗೆ ಕಾಣೋದಿಲ್ಲ. ಅದರೊಳಗೆ ಕಾಲಿಟ್ಟವನು ಕೂಗೋದೂ ಇಲ್ಲ, ನಿದ್ದೆ ಬಂದವನ ಹಾಗೆ ಜಾರಿಬಿಡುತ್ತಾನೆ. ಅಲ್ಲಿ ಕಡ್ಡಿ ಗೀರಿದರೆ ತಲೆಯ ಮದ್ದು ಬುಸ್ ಅನ್ನುತ್ತದೆ, ಬೆಂಕಿ ಮಾತ್ರ ಕಡ್ಡಿಯ ಮೈಗೆ ಇಳಿಯೋದಿಲ್ಲ. ತಲೆ ಕಪ್ಪು, ಮೈ ಬಿಳಿ. ಅಂಥ ಕಡ್ಡಿ ಕಂಡರೆ ಸುಂಕಪ್ಪ ಒಂದು ಮೆಟ್ಟಿಲೂ ಕೆಳಗಿಳಿಯುತ್ತಿರಲಿಲ್ಲ. ಕಡ್ಡಿ ಬೆರಳು ಸುಡೋತನಕ ಉರಿದರೆ ಮಾತ್ರ ಇಳಿಯುತ್ತಿದ್ದ.

ಹಾಗಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ? ಅದೇ ಕಷ್ಟ. ಆ ಸೀಮೆಯಲ್ಲಿ ಜೋಳ ತುಂಬೋಕೆ ನೆಲದೊಳಗೆ ಗುಂಡಿ ತೋಡುತ್ತಿದ್ದರು, ಅದಕ್ಕೆ ಹಗೇವು ಅಂತ ಹೆಸರು. ಹಗೇವಿನಲ್ಲೂ ಕೆಟ್ಟ ಗಾಳಿ ಕೂರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದರ ಬಾಯಿ ತೆಗೆದು, ಮೊದಲು ದೀಪ ಇಳಿಬಿಟ್ಟು, ದೀಪ ಉರಿದರೇ ಮನುಷ್ಯ ಇಳಿಯೋದು. ಆದರೆ ಬಾವಿಗೆ ಯಾರೂ ದೀಪ ಬಿಡುತ್ತಿರಲಿಲ್ಲ. ಬಾವಿ ಅಂದರೆ ಗಂಗವ್ವನ ಬಾಯಿ. ಹೆತ್ತ ತಾಯಿಯ ಬಾಯಿ ಮೂಸಿ ನೋಡ್ತಾರೇನು? ಕೆಟ್ಟ ಗಾಳಿಯ ಬಾವಿ ಅಂದರೆ ಗಂಗವ್ವ ಬಿಟ್ಟುಹೋದ ಬಾವಿ, ಗಂಗವ್ವ ಬಿಟ್ಟುಹೋದಳು ಅಂದರೆ ಆ ಮನೆಯವರು ಏನೋ ಪಾಪ ಮಾಡಿದ್ದಾರೆ ಅಂತ ಲೆಕ್ಕ.

ಸುಂಕಪ್ಪನ ಅಪ್ಪ ಒಮ್ಮೆ ಆ ತಪ್ಪು ಮಾಡಿದ್ದ. ಒಂದು ಮನೆಯ ಬಾವಿಗೆ ಹತ್ತು ಜನರೆದುರು ದೀಪ ಇಳಿಬಿಟ್ಟ. ದೀಪ ಆರಿತು. ಅವನ ಜೀವ ಉಳಿಯಿತು, ಆ ಮನೆ ಉಳಿಯಲಿಲ್ಲ. ದೀಪ ನುಂಗಿದ ಬಾವಿಯ ಮನೆ ಅಂತ ಹೆಸರು ಬಿತ್ತು. ಆ ಮನೆಯ ಎರಡು ಹೆಣ್ಣುಮಕ್ಕಳನ್ನ ಕೇಳಿಕೊಂಡು ಒಬ್ಬರೂ ಬರಲಿಲ್ಲ. ಕೊನೆಗೆ ಬಂಡಿಗೆ ಪಾತ್ರೆ ಪಡಗ ಹೇರಿಕೊಂಡು ಊರೇ ಬಿಟ್ಟರು. ಬಂಡಿಯ ಹಿಂದೆ ಕಾಲು ಇಳಿಬಿಟ್ಟು ಕೂತ ಆ ಇಬ್ಬರ ಮುಖ ಸುಂಕಪ್ಪನ ಕಣ್ಣಿಂದ ಹೋಗಲೇ ಇಲ್ಲವಂತೆ. ಅವತ್ತಿನಿಂದ ಅವನು ಬಾವಿಯ ತಪ್ಪನ್ನೆಲ್ಲ ಚಿಲುಮೆಯ ತಲೆಗೆ ಕಟ್ಟಿದ. ಚಿಲುಮೆಗೇನು, ಅದಕ್ಕೆ ಮದುವೆಯಾಗಬೇಕೇ?

ಹೀಗಿರುವಾಗ ಆ ಊರಿನ ಗಾಣಿಗೇರ ಚನ್ನವೀರಪ್ಪನ ಮಗಳು ನೀಲವ್ವನನ್ನು ನೋಡೋಕೆ ಗಂಡಿನ ಕಡೆಯವರು ಬರೋದು ಅಂತ ಆಯಿತು. ಚನ್ನವೀರಪ್ಪ ಎಣ್ಣೆ ಗಾಣದ ಮನುಷ್ಯ, ಒಳ್ಳೆಯವನು, ಆದರೆ ಅವನ ಸಿಟ್ಟು ಕಾದ ಎಣ್ಣೆಯಂಥದ್ದು, ಒಂದು ಹನಿ ಬಿದ್ದರೆ ಸಾಕು ಸಿಡಿಯೋದು. ಮನೆಯ ಹಿತ್ತಲ ಬಾವಿಯಲ್ಲಿ ಹೂಳು ತುಂಬಿ, ಕೊಡ ಬಿಟ್ಟರೆ ಕೆಸರು ಬರುತ್ತಿತ್ತು. ಬೀಗರು ಬಂದು ಒಂದು ತಂಬಿಗೆ ನೀರು ಕೇಳಿದರೆ ಕೆಸರು ಕೊಡೋಕಾಗುತ್ತದೆಯೇ? ಮೂರು ದಿನ ಮುಂಚೆಯೇ ಸುಂಕಪ್ಪನನ್ನು ಕರೆಸಿದ. ಸುಂಕಪ್ಪ ಹನ್ನೆರಡು ಮೆಟ್ಟಿಲು ಇಳಿದು, ಗೀರಿ, ಮೇಲೆ ಬಂದು, ಚಿಲುಮಿ ಹತ್ತವಲ್ದು ಧಣಿ ಅಂದ. ಮರುದಿನವೂ ಬಂದ, ಇಳಿದ, ಅದೇ ಮಾತು. ಮೂರನೆಯ ದಿನವೂ ಅದೇ, ಒಂದು ಕೊಡ ನೀರಿಗೆ, ಒಂದು ಟೊಂಗೆಗೆ ಆ ಗಾಳಿ ಅಲುಗಲಿಲ್ಲ. ಹೊರಬಂದಾಗಲೆಲ್ಲ ಸತ್ತ ಕಡ್ಡಿಯನ್ನ ಕಟ್ಟೆಯ ಕಲ್ಲಿನ ಸಂದಿಗೆ ಸಿಕ್ಕಿಸಿ ಹೋದ. ಮೂರು ದಿನಕ್ಕೆ ಮೂರು ಕಡ್ಡಿ.

ನಾಲ್ಕನೆಯ ದಿನ ಬೀಗರೇ ಬಂದುಬಿಟ್ಟರು. ಗಂಡಿನ ಹೆಸರು ಕೊಟ್ರಬಸಪ್ಪ. ಗರಡಿಯಾಳು, ಭುಜ ನೋಡಿದರೆ ಎರಡು ಜೋಳದ ಚೀಲ. ಪಡಸಾಲೆಯಲ್ಲಿ ಕೂತವನಿಗೆ ನೀರು ಕೊಟ್ಟರು. ಮಣ್ಣು ವಾಸನೆ. ಚನ್ನವೀರಪ್ಪನಿಗೆ ಮುಖ ಎತ್ತೋಕಾಗಲಿಲ್ಲ. ಇದೆಲ್ಲ ಆ ಹೊಗೆಬಾಯಿಯ ಕೆಲಸ ಅಂತ ಹಿತ್ತಲಿಗೆ ಬಂದು, ಕಟ್ಟೆಯ ಮೇಲೆ ಕೂತಿದ್ದ ಸುಂಕಪ್ಪನಿಗೆ ಬಾಯಿಗೆ ಬಂದದ್ದೆಲ್ಲ ಅಂದ. ಬೈಗುಳ ಕೇಳಿ ಬೀಗರೂ ಹಿತ್ತಲಿಗೆ ಬಂದರು, ಓಣಿಯವರೂ ಬಂದರು. ಬೈಗುಳದ ಹತ್ತಿರ ಜನ ಸೇರುವಷ್ಟು ಬೇಗ ಬೆಲ್ಲದ ಹತ್ತಿರ ನೊಣವೂ ಸೇರೋದಿಲ್ಲ.

ಸುಂಕಪ್ಪ ಎದ್ದು ನಿಂತು, ಚಿಲುಮೆ ಹತ್ತಿದ ಕೂಡಲೇ ಇಳಿಯುತ್ತೇನೆ ಅಂದ. ಜನ ನಕ್ಕರು. ಕೊಟ್ರಬಸಪ್ಪನೂ ನಕ್ಕ. ನಕ್ಕು ಸುಮ್ಮನಿದ್ದರೆ ಈ ಕತೆ ಇರುತ್ತಿರಲಿಲ್ಲ. ಹಿತ್ತಲ ಬಾಗಿಲ ಸಂದಿಯಲ್ಲಿ ಹಸಿರು ಸೀರೆಯ ಸೆರಗು ಕಂಡಿತು ಅವನಿಗೆ. ಗಂಡಸಿಗೆ ಸೆರಗು ಕಂಡ ಕಡೆ ಬುದ್ಧಿ ಕಾಣೋದಿಲ್ಲ. ಒಂದು ಚಿಲುಮೆ ಹೊತ್ತಿನಲ್ಲಿ ನಾನೇ ಹೂಳು ತೆಗೆದು ತೋರಿಸುತ್ತೇನೆ ಅಂದು, ಅಂಗಿ ಬಿಚ್ಚಿ, ಪಂಚೆ ಎತ್ತಿಕಟ್ಟಿ ಬಾವಿಗಿಳಿದೇಬಿಟ್ಟ.

ಒಂದು ಮೆಟ್ಟಿಲು. ಎರಡು. ಮೂರು.

ಹನ್ನೆರಡನೆಯ ಮೆಟ್ಟಿಲಲ್ಲಿ ಏನಿದೆ ಅಂತ ಆ ಹಿತ್ತಲಲ್ಲಿ ಗೊತ್ತಿದ್ದವನು ಸುಂಕಪ್ಪನೊಬ್ಬನೇ. ಬಾವಿ ಕೆಟ್ಟಿದೆ ಅಂತ ಕೂಗಿದರೆ ಗಂಡು ಮೇಲೆ ಬರುತ್ತಾನೆ, ಹಾಗೇ ಬೀಗರೊಂದಿಗೆ ಬಂಡಿ ಹತ್ತುತ್ತಾನೆ, ನೀಲವ್ವನ ಬಾಳು ಆ ಎರಡು ಹುಡುಗಿಯರ ಬಾಳಾಗುತ್ತದೆ. ಸುಮ್ಮನಿದ್ದರೆ ಗಂಡು ಮೇಲೆ ಬರೋದೇ ಇಲ್ಲ. ನಾಲ್ಕು ಮೆಟ್ಟಿಲು. ಐದು.

ಆಗ ಸುಂಕಪ್ಪ ಕಟ್ಟೆಯಿಂದ ಬಗ್ಗಿ, ಎಲ್ಲರಿಗೂ ಕೇಳೋ ಹಾಗೆ ಅಂದನಂತೆ: "ಅಳಿಯಪ್ಪಾರ, ನನ್ನ ಕಡ್ಡಿಪೆಟ್ಗಿ ಕೊಟ್ಟು ಆಮ್ಯಾಲೆ ಇಳೀರಿ."

ಕೆಳಗಿಂದ ಕೊಟ್ರಬಸಪ್ಪ ಏನಂದಿ ಅಂತ ಕೇಳಿದ.

"ನಿಮ್ಮ ನಡದಾಗ ಸಿಗಿಸ್ಕೊಂಡೀರಲ್ಲ, ಅದು. ಕದಿಯೋದು ನಾನ ಕಣ್ಣಾರೆ ನೋಡೀನಿ."

ಹೆಣ್ಣು ನೋಡೋಕೆ ಬಂದ ಗರಡಿಯಾಳು ಕಡ್ಡಿಪೆಟ್ಟಿಗೆ ಕದ್ದನಂತೆ, ಅದೂ ಬಾವಿ ತೋಡೋನದ್ದು. ಕೊಟ್ರಬಸಪ್ಪ ಐದು ಮೆಟ್ಟಿಲನ್ನ ಎರಡೇ ಹೆಜ್ಜೆಗೆ ಹತ್ತಿ ಬಂದ. ನಡುಪಟ್ಟಿ ಬಿಚ್ಚಿ ಜಾಡಿಸಿ ತೋರಿಸಿದ. ಏನೂ ಇಲ್ಲ. ಬಲಗೈ ಎತ್ತಿ ಸುಂಕಪ್ಪನ ಕೆನ್ನೆಗೆ ಒಂದು ಬಿಟ್ಟ. ಒಂದೇ ಒಂದು. ಆ ಸಪ್ಪಳಕ್ಕೆ ಗಾಣದ ಎತ್ತು ತಾನಾಗಿಯೇ ತಿರುಗೋಕೆ ಶುರುಮಾಡಿತು ಅಂತಾರೆ. ಮೂರು ಹರದಾರಿ ದೂರದ ಸಂತೆಯಲ್ಲಿ ಒಬ್ಬ ಮುದುಕ ಯಾರು ಬಾಗಿಲು ಬಡಿದದ್ದು ಅಂತ ಕೇಳಿದ ಅಂತಾರೆ. ಸುಂಕಪ್ಪನ ರುಮಾಲು ಹಾರಿಬಿತ್ತು. ರುಮಾಲಿನೊಳಗಿಂದ ಕಡ್ಡಿಪೆಟ್ಟಿಗೆ ಉರುಳಿಬಿತ್ತು.

ಜನ ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಬೈದರು. ಸುಳ್ಳ ಅಂದರು, ಬೀಗರ ಮಾನ ಕಳೆದ ಅಂದರು. ಇನ್ನು ಮೇಲೆ ಈ ಊರಿನ ಯಾವ ಬಾವಿಗೂ ಇವನನ್ನ ಇಳಿಸಕೂಡದು ಅಂತ ಹಿರಿಯರು ಅಲ್ಲೇ ಕಟ್ಟುಮಾಡಿದರು. ಅಂದರೆ ಅವನ ಅನ್ನ ಹೋಯಿತು. ಸುಂಕಪ್ಪ ಕೆನ್ನೆ ಸವರಿಕೊಂಡು ಕೂತ. ಗಂಡು ಮೇಲಿದ್ದಾನಲ್ಲ, ಅಷ್ಟು ಸಾಕು ಅಂದುಕೊಂಡ. ಅಂದುಕೊಳ್ಳುವಷ್ಟರಲ್ಲಿ ಕೊಟ್ರಬಸಪ್ಪ, ಈಗ ಇಳಿದೇ ಇಳೀತೀನಿ ಅಂತ ಮತ್ತೆ ಬಾವಿಯ ಕಡೆ ನಡೆದ.

ಸುಂಕಪ್ಪನ ಹತ್ತಿರ ಇನ್ನೊಂದು ಸುಳ್ಳು ಉಳಿದಿರಲಿಲ್ಲ. ನಿಜವೇ ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಾಯಿ ತೆರೆದ.

ಅಷ್ಟರಲ್ಲಿ ನೀಲವ್ವ ಬಂದಳು. ಸುಂಕಪ್ಪ ಸಂದಿಗೆ ಸಿಕ್ಕಿಸಿದ್ದ ಮೂರು ಕಡ್ಡಿಯನ್ನ ಅವಳು ಬೆಳಿಗ್ಗೆ ಕಟ್ಟೆ ಸಾರಿಸುವಾಗಲೇ ತೆಗೆದು ನೋಡಿದ್ದಳು. ಮೂರಕ್ಕೂ ತಲೆ ಕಪ್ಪು, ಮೈ ಬಿಳಿ. ಒಂದಾದರೆ ಗಾಳಿಗೆ ಆರಿರಬಹುದು. ಮೂರಕ್ಕೂ ಹಾಗೇ ಯಾಕೆ? ಗಾಣದ ಮನೆಯ ಮಗಳು, ಬೆಂಕಿಯ ಗುಣ ಬಲ್ಲವಳು. ಅಜ್ಜಿ ಹಗೇವಿಗೆ ದೀಪ ಇಳಿಬಿಡುವಾಗ ಪಕ್ಕದಲ್ಲಿ ಕೂತು ನೋಡಿದವಳು. ಆಗ ಅನುಮಾನವಷ್ಟೇ ಇತ್ತು. ಏಟು ತಿಂದವನು ಕೆನ್ನೆ ಸವರಿಕೊಂಡು ತೃಪ್ತಿಯಿಂದ ಕೂತದ್ದನ್ನ ಬಾಗಿಲ ಸಂದಿಯಿಂದ ನೋಡಿದಾಗ ಎಲ್ಲಾ ತಿಳಿಯಿತು. ಗಾಣದ ಮನೆಗೆ ಓಡಿ, ಅವತ್ತೇ ತೆಗೆದ ಕುಸುಬಿ ಎಣ್ಣೆಯ ಕೊಡವನ್ನ ಸೊಂಟದ ಮೇಲಿಟ್ಟುಕೊಂಡು ಬಂದಳು. ಬೀಗರ ನಡುವೆ ಹಾದು, ಬಾವಿಯ ಕಟ್ಟೆಯ ಹತ್ತಿರ, ಬರಿಯ ನೆಲದ ಮೇಲೆ ಎಡವಿದಳು. ಕೊಡದ ಎಣ್ಣೆಯಷ್ಟೂ ಮೆಟ್ಟಿಲುಗಲ್ಲಿನ ಮೇಲೆ ಧಾರೆಯಾಗಿ ಇಳಿಯಿತು. ಮೊದಲ ಕಲ್ಲಿಗೆ ಕಾಲಿಡೋಕೆ ಹೋದ ಕೊಟ್ರಬಸಪ್ಪ ಜರ್‍ರನೆ ಜಾರಿ ಕಟ್ಟೆಯ ಮೇಲೇ ಕುಕ್ಕರಿಸಿದ. ಇನ್ನು ಆ ಬಾವಿಗೆ ಹಲ್ಲಿಯೂ ಇಳಿಯುವ ಹಾಗಿರಲಿಲ್ಲ.

ಚನ್ನವೀರಪ್ಪ ತಲೆಮೇಲೆ ಕೈ ಹೊತ್ತ. ಗಂಡಿನ ಸೋದರತ್ತೆ ಮಾತ್ರ, ನಮ್ಮ ಹುಡುಗನ ಮೈಕಟ್ಟು ನೋಡಿ ಕೂಸಿನ ಕೈ ನಡುಗಿತು ನೋಡ್ರಿ ಅಂದಳಂತೆ. ಆ ಮಾತು ಕೇಳಿ ಕೊಟ್ರಬಸಪ್ಪನ ಸಿಟ್ಟೆಲ್ಲ ಎಣ್ಣೆಯ ಹಾಗೇ ಇಳಿದುಹೋಯಿತು. ಕೂತಲ್ಲೇ ಮೀಸೆ ತಿರುವಿದ. ಅವತ್ತೇ ಎಲೆ ಅಡಿಕೆ ಬದಲಾಯಿಸಿದರು.

ಎಣ್ಣೆ ಚೆಲ್ಲಿದ ಬಾವಿಯನ್ನ ಒರೆಸೋರು ಯಾರು? ಸುಂಕಪ್ಪ ಕೈಮುಗಿದು, ತಪ್ಪು ಮಾಡೀನಿ, ದಂಡ ಅಂತ ನಾನೇ ಒರೆಸ್ತೀನಿ ಅಂದ. ಅಷ್ಟಕ್ಕೆ ಮಾತ್ರ ಒಪ್ಪಿದರು. ಬೇವಿನ ಟೊಂಗೆಗಳನ್ನ ಬಂಡಿಗಟ್ಟಲೆ ಕಡಿದು ತಂದು, ದೊಡ್ಡ ಹೊರೆ ಮಾಡಿ ಹಗ್ಗಕ್ಕೆ ಕಟ್ಟಿ, ಬಾವಿಯೊಳಗೆ ಇಳಿಸಿದ, ಎತ್ತಿದ. ಇಳಿಸಿದ, ಎತ್ತಿದ. ಮೂರು ದಿನ. ನಡುನಡುವೆ ಕೊಡಗಟ್ಟಲೆ ನೀರು ಮೇಲಿಂದ ಸುರಿದ. ಬಾವಿಗೆ ಹಲ್ಲು ತಿಕ್ಕಿಸ್ತಿದಾನೆ ಅಂತ ಓಣಿಯವರು ಆಡಿಕೊಂಡರು. ಕೆಟ್ಟ ಗಾಳಿ ಕಲಕಿ ಕಲಕಿ ಹೊರಬಿತ್ತು, ಒಳ್ಳೆಯ ಗಾಳಿ ಒಳಗೆ ಹೋಯಿತು. ಮೂರನೆಯ ದಿನ ಕಲ್ಲಿಗೆ ಬೂದಿ ಎರಚಿ, ಹನ್ನೆರಡನೆಯ ಮೆಟ್ಟಿಲಿಗೆ ಇಳಿದು ಗೀರಿದ. ಕಡ್ಡಿ ಉರಿಯಿತು. ತಲೆಯಿಂದ ಮೈಗೆ ಬಂತು, ಮೈಯಿಂದ ಬೆರಳಿಗೆ ಬಂತು. ಬೆರಳು ಚುರುಗುಟ್ಟಿದ ಮೇಲೇ ಬಿಟ್ಟ. ಚಿಲುಮೆ ಹತ್ತಿಸಿಕೊಂಡು ತಳಕ್ಕಿಳಿದು, ಹೂಳನ್ನೆಲ್ಲ ಬಾಚಿ ಮೇಲೆ ಕಳಿಸಿದ. ಆ ಮದುವೆಯಲ್ಲಿ ಕುಡಿದ ನೀರಿನ ರುಚಿಯನ್ನ ಜನ ಹೋಳಿಗೆಗಿಂತ ಹೆಚ್ಚು ಹೊಗಳಿದರು ಅಂತಾರೆ.

ಗಂಡನ ಮನೆಗೆ ಹೊರಟ ದಿನ ನೀಲವ್ವ ಬಂಡಿಯನ್ನ ಭೋವಿಗಳ ಓಣಿಯ ಬಾಯಿಗೆ ನಿಲ್ಲಿಸಿದಳು. ಗುಡಿಸಲ ಮುಂದೆ ಕಲ್ಲು ಒಡೆಯುತ್ತ ಕೂತಿದ್ದ ಸುಂಕಪ್ಪನ ಅಂಗೈಯಲ್ಲಿ ಆ ಮೂರು ಕಡ್ಡಿ ಇಟ್ಟಳು. ಸುಂಕಪ್ಪ ಕಡ್ಡಿ ನೋಡಿದ, ಅವಳನ್ನ ನೋಡಿದ, ಬಾಯಿಯ ಮೇಲೆ ಬೆರಳಿಟ್ಟ. ಬಂಡಿ ಹೊರಟಿತು.

ಆಮೇಲೆ ಸುಂಕಪ್ಪ ಊರ ಬಾವಿ ಬಿಟ್ಟು ಪರವೂರಿನ ಬಾವಿಗಿಳಿದ. ಬಿಸಿಲಲ್ಲಿ ಎರಡು ಹರದಾರಿ ನಡೆದು ಹೋಗೋದು, ಎರಡು ಹರದಾರಿ ನಡೆದು ಬರೋದು. ಕೆಲಸ ಸಿಗದ ದಿನ ಕಲ್ಲು ಒಡೆದ. ನೀಲವ್ವ ಪ್ರತಿ ಯುಗಾದಿಗೆ ತವರಿಗೆ ಬರುವಾಗ ಒಂದು ಕಟ್ಟು ಗೀರುಗಡ್ಡಿ ಪೆಟ್ಟಿಗೆ ತರುತ್ತಿದ್ದಳು, ಯಾರ ಕೈಲಾದರೂ ಕಳಿಸುತ್ತಿದ್ದಳು. ಗಾಣದ ಮನೆಯ ಮಗಳಿಗೆ ಸೋಮಾರಿ ಸುಂಕನ ಮೇಲೆ ಯಾಕಿಷ್ಟು ಕರುಣೆ ಅಂತ ಯಾರಿಗೂ ತಿಳಿಯಲಿಲ್ಲ. ಕೊಟ್ರಬಸಪ್ಪನಂತೂ ಮದುವೆ ಮುಂಜಿ ಎಲ್ಲಿ ಕೂತರೂ, ನಾನು ಬಿಟ್ಟ ಒಂದು ಏಟಿಗೆ ರುಮಾಲಿನೊಳಗಿನ ಕಳ್ಳತನ ಹೊರಬಿತ್ತು ಅಂತ ಆ ಕತೆ ಹೇಳುತ್ತಿದ್ದ. ನೀಲವ್ವ ಪ್ರತಿ ಸಲ ಎದ್ದು ಒಳಗೆ ಹೋಗುತ್ತಿದ್ದಳು.

ಹೀಗೇ ವರ್ಷ ಉರುಳಿದವು. ಕೊಟ್ರಬಸಪ್ಪನ ಜೋಳದ ಚೀಲದಂಥ ಭುಜ ಖಾಲಿ ಚೀಲವಾಯಿತು. ಚನ್ನವೀರಪ್ಪ ಹೋದ. ಗಾಣ ನಿಂತಿತು. ಹಿತ್ತಲ ಬಾವಿಯ ಸೆಲೆ ಬತ್ತಿ, ಮಣ್ಣು ಹಾಕಿ ಮುಚ್ಚಿದರು. ಬಾವಿ ಮುಚ್ಚಿದ ಸುದ್ದಿ ಬಂದ ದಿನ ನೀಲವ್ವ ಗಂಡನ ಮುಂದೆ ಕೂತು ಎಲ್ಲಾ ಹೇಳಿದಳು. ಬಾವಿಯೇ ಇಲ್ಲದ ಮೇಲೆ ಅದಕ್ಕೆ ಕೆಟ್ಟ ಹೆಸರು ಹೇಗೆ ಬರುತ್ತದೆ?

ಕೊಟ್ರಬಸಪ್ಪ ಅವತ್ತು ಉಣ್ಣಲಿಲ್ಲ ಅಂತಾರೆ. ಮರುದಿನ ಕೋಲೂರಿಕೊಂಡು ಕಗ್ಗಲ್ಲಹಟ್ಟಿಗೆ ನಡೆದುಬಂದು, ಸುಂಕಪ್ಪನ ಗುಡಿಸಲ ಮುಂದೆ ನೆಲದ ಮೇಲೇ ಕೂತ. ಮುದುಕನ ಮುಂದೆ ಮುದುಕ. ಕೆನ್ನೆ ಒಡ್ಡಿದ.

"ಹೊಡಿ ಸುಂಕಣ್ಣ. ನಿಂದು ನಿನಗ ಕೊಡಾಕ ಬಂದೀನಿ."

ಸುಂಕಪ್ಪ ಅವನ ಕೆನ್ನೆಯನ್ನ, ಬಿಳಿ ಮೀಸೆಯನ್ನ ನೋಡಿದ.

"ತಡೀರಿ ಧಣಿ," ಅಂದ. "ಚಿಲುಮಿ ಹತ್ತಲಿ."

ಆ ಹೊತ್ತಿಗೆ ಗೀರುಗಡ್ಡಿ ಅಂಗಡಿಯಿಂದ ಮಾಯವಾಗಿದ್ದವು. ಪೆಟ್ಟಿಗೆಯ ಮಗ್ಗುಲಿಗಷ್ಟೇ ಹತ್ತುವ ಹೊಸ ಕಡ್ಡಿ ಬಂದಿದ್ದವು. ಸುಂಕಪ್ಪನಿಗೆ ಅದು ಚೆನ್ನಾಗಿಯೇ ಗೊತ್ತು. ಆದರೂ ಕಡ್ಡಿ ತೆಗೆದು ಹಿಮ್ಮಡಿಗೆ ಗೀರಿದ. ಹತ್ತಲಿಲ್ಲ. ಕಲ್ಲಿಗೆ ಗೀರಿದ. ಹತ್ತಲಿಲ್ಲ. ಬಾಗಿಲ ಕಂಬಕ್ಕೆ ಗೀರಿದ. ಕೊಟ್ರಬಸಪ್ಪ ಕೆನ್ನೆ ಒಡ್ಡಿಕೊಂಡು ಕೂತೇ ಇದ್ದ. ಹೊತ್ತು ಇಳಿಯಿತು. ಇವತ್ತು ಹತ್ತವಲ್ದು, ನಾಳೆ ಬರ್ರಿ ಅಂದ ಸುಂಕಪ್ಪ.

ಕೊಟ್ರಬಸಪ್ಪ ಮರುದಿನವೂ ಬಂದ. ಮುಂದಿನ ಸೋಮವಾರ ಬಂದ, ಅದರ ಮುಂದಿನ ಸೋಮವಾರವೂ ಬಂದ. ಸುಂಕಪ್ಪ ಕಡ್ಡಿ ಗೀರಿದ, ಕೊಟ್ರಬಸಪ್ಪ ಕಾದ. ಕಾಯುತ್ತ ಮಳೆಯ ಮಾತು ಬಂತು, ಮಂಡಿನೋವಿನ ಮಾತು ಬಂತು, ಸತ್ತವರ ಮಾತು ಬಂತು. ಕೊನೆಕೊನೆಗೆ ಕೊಟ್ರಬಸಪ್ಪನೇ ತಂಬಾಕು ತರುತ್ತಿದ್ದ. ಪಾಪ, ಪೆಟ್ಟಿಗೆಯ ಮಗ್ಗುಲಿಗೆ ಗೀರು ಅಂತ ಅವನೂ ಒಂದು ದಿನವಾದರೂ ಹೇಳಲಿಲ್ಲ. ಮೂರು ವರ್ಷ ಹೀಗೇ ನಡೆಯಿತು ಅಂತಾರೆ, ಏಳು ವರ್ಷ ಅನ್ನೋರೂ ಇದ್ದಾರೆ. ಒಂದು ಸೋಮವಾರ ಕೊಟ್ರಬಸಪ್ಪ ಬರೋ ಹೊತ್ತಿಗೆ ಸುಂಕಪ್ಪ ಗುಡಿಸಲ ಗೋಡೆಗೊರಗಿ ಹೋಗಿಬಿಟ್ಟಿದ್ದ. ಏಟು ಕೊಡದೇ ಹೋದ. ಹೆಣದ ಮುಂದೆ ಕೂತು ಕೊಟ್ರಬಸಪ್ಪ, ನನ್ನ ಕೆನ್ನಿ ಹಿಂಗ ಬಿಟ್ಟು ಹೊಂಟೆಲ್ಲೋ ಅಂತ ಅತ್ತನಂತೆ.

ಸೇರಿದ ಜನಕ್ಕೆ ನಡೆದದ್ದನ್ನೆಲ್ಲ ಅವತ್ತೇ ಹೇಳಿದನಂತೆ. ಆ ಏಟು ಊರಿನ ಮೇಲೆ ಉಳಿಯಿತು. ಅದಕ್ಕೇ ಇವತ್ತಿಗೂ ಕಗ್ಗಲ್ಲಹಟ್ಟಿಯಲ್ಲಿ ಬಾವಿಯ ಹೂಳು ತೆಗೆಯುವ ದಿನ, ಆ ವರ್ಷ ಊರಿಗೆ ಅಳಿಯನಾಗಿ ಬಂದವನನ್ನ ಕರೆಸುತ್ತಾರೆ. ಮೇಷ್ಟರಾಗಲಿ, ಸಾಹುಕಾರನಾಗಲಿ, ಕನ್ನಡಕ ಇದ್ದರೆ ತೆಗೆದು, ಕಟ್ಟೆಯ ಮೇಲೆ ಕೂತು ಕೆನ್ನೆ ಒಡ್ಡಬೇಕು. ಹೂಳು ತೆಗೆಯೋ ಮನುಷ್ಯ ನಾಲ್ಕಾರು ಮೆಟ್ಟಿಲು ಇಳಿದು ಒಂದು ಕಡ್ಡಿ ಗೀರುತ್ತಾನೆ, ಅದು ಬೆರಳಿಗೆ ಬರೋತನಕ ಯಾರೂ ಉಸಿರೆತ್ತೋದಿಲ್ಲ. ಆಮೇಲೆ ಹತ್ತಿ ಬಂದು ಅಳಿಯನ ಕೆನ್ನೆಗೆ ಮೆತ್ತಗೆ ಒಂದು ತಟ್ಟುತ್ತಾನೆ, ಮಲಗಿದ ಕೂಸನ್ನ ತಟ್ಟಿದ ಹಾಗೆ. ಹೆಂಗಸರು ನಗುತ್ತಾರೆ, ಅಳಿಯನೂ ನಗುತ್ತಾನೆ. ಆಮೇಲೇ ಹಗ್ಗ ಬಾವಿಗಿಳಿಯೋದು.